ಅಕ್ಷರ ಬಾರದ ಚಿಪ್ಪು ಬರೆದ ಕಾಗದ

“ಅಮ್ಮಾ, ಅಪ್ಪ ನಮ್ಮ ಜೊತೆ ಟೂ ಬಿಟ್ಟಿದಾನಾ?” ಎಂದಳು ಐದು ವರ್ಷದ ಸಿಲ್ವಿ, ಬಾಯ್ತುಂಬ ಓಟ್ಸ್ ಗಂಜಿ ಇಟ್ಟುಕೊಂಡು.

ನಮ್ಮ ಜೊತೆ ಅಲ್ಲ, ನನ್ನ ಜೊತೆ. ನನ್ನ ಗಂಡ ಆರ್ವೋ ಅದಿರು ಸಾಗಿಸುವ ಹಡಗಿನಲ್ಲಿ ಎಲೆಕ್ಟ್ರಿಷಿಯನ್. ಸೆಪ್ಟೆಂಬರಿನಲ್ಲಿ ಹೊರಡುವಾಗ, “ಈ ಸಲ ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿ ಹಡಗು ನಿಂತಮೇಲೂ, ಅದನ್ನ ಕಾಯೋಕೆ ಅಲ್ಲೇ ಇರ್ತೀನಿ” ಎಂದ. “ಹಾಗಾದ್ರೆ ಹಡಗನ್ನೇ ಕಟ್ಕೋ ಹೋಗು!” ಎಂದೆ. ಐದು ವಾರದಿಂದ ಒಂದು ಗೆರೆಯಿಲ್ಲ.

ಕ್ಷಮೆ ಕೇಳಲೇಬೇಕು. ಕೇಳುವುದಾದರೆ ಭರ್ಜರಿಯಾಗಿಯೇ! ನೆಲಮಾಳಿಗೆಯಲ್ಲಿ ಅವನು ಅರ್ಧ ಜೋಡಿಸಿಟ್ಟ ಕಂಪ್ಯೂಟರ್, ಪಕ್ಕದಲ್ಲಿ ಅದರ ಅಚ್ಚು ಯಂತ್ರ ಇದ್ದವು. ಅದನ್ನು ನಾನೇ ಮುಗಿಸಿ, ಅದರಲ್ಲೇ ಕಾಗದ ಅಚ್ಚು ಹಾಕಿ ಕಳಿಸುವುದು. ಡುಲೂತ್ ಊರಿನ ಚರಿತ್ರೆಯಲ್ಲೇ ಮೊಟ್ಟಮೊದಲ ಕಂಪ್ಯೂಟರ್ ಕ್ಷಮಾಪಣೆ!

“ಟೋಸ್ಟರ್ ಕೆಟ್ರೆ ನನ್ನನ್ನ ಕರೀತೀಯ, ನೀನು ಕಂಪ್ಯೂಟರ್ ಜೋಡಿಸ್ತೀಯಾ?” ಎಂದಳು ಪಕ್ಕದ ಮನೆಯ ವರ್ನಾ.

“ಟೋಸ್ಟರಿಗೆ ವಿದ್ಯೆಯಿಲ್ಲ ಕಣೇ. ಇದಕ್ಕೆ ಅಕ್ಷರ ಬರುತ್ತೆ!”

ಉಳಿದಿದ್ದ ಕೆಲಸ ಒಂದೇ. ಕೀಬೋರ್ಡಿನಿಂದ ಬಂದ ಚಪ್ಪಟೆ ತಂತಿಪಟ್ಟಿಯನ್ನು, ಆರ್ವೋ ‘ಚಿಪ್’ ಅನ್ನುವ, ನಲವತ್ತು ಕಾಲಿನ ಜರಿಹುಳದಂಥ ಕರಿ ಚಿಪ್ಪಿನ ಪಕ್ಕ ಸಿಕ್ಕಿಸುವುದು. ಸಿಕ್ಕಿಸಿದೆ. ಟಕ್ ಎಂದಿತು. ವಿಶ್ವಕರ್ಮನೇ ಬೆನ್ನು ತಟ್ಟಿದಂತಾಯಿತು!

ಕಾಗದದ ಕರಡು ಡೈರಿಯಲ್ಲಿತ್ತು. ನಾನು ಟೈಪಿಂಗ್ ಶಾಲೆಯಲ್ಲಿ ಮೊದಲ ಸ್ಥಾನ ಪಡೆದವಳು. ಕಣ್ಣು ಕರಡಿನ ಮೇಲೆ, ಬೆರಳು ಕೀಲಿಗಳ ಮೇಲೆ. ಅಚ್ಚಾಗುವುದನ್ನು ಇಣುಕಿ ನೋಡುವುದು ಹೇಡಿಗಳ ಲಕ್ಷಣ! ಎರಡು ಪುಟ ಬಡಿದು ಮುಗಿಸುವಷ್ಟರಲ್ಲಿ ಅಂಚೆಯವನ ಬೂಟು ಮೆಟ್ಟಿಲ ಮೇಲೆ ಕೇಳಿಸಿತು. ಅಚ್ಚಾದ ಹಾಳೆ ಹರಿದೆ, ಮಡಚಿದೆ, ಲಕೋಟೆಗೆ ತುರುಕಿ ಕೊಟ್ಟೆ.

ಆಮೇಲೆ ಡೈರಿಗೆ ಅಂಟಿಸಲೆಂದು ಇನ್ನೊಂದು ಪ್ರತಿ ಬಡಿದು ಓದಿದೆ. “ಪ್ರೀತಿಯ ಆರ್ವೋ” ಇರಬೇಕಾದಲ್ಲಿ “ಝ್ಲುಪ್ಕಟ್ ವ್ಬೂ”! ಚಿಪ್ಪು ನನ್ನ ಕೈಗೇ ಚಿಪ್ಪು ಕೊಟ್ಟಿತ್ತು!

“ಓದಿದ್ರೆ ಬೈಗುಳದ ಹಾಗೇ ಇದೆ” ಎಂದಳು ವರ್ನಾ, ನಿಧಾನವಾಗಿ ಉಚ್ಚರಿಸಿ ನೋಡಿ.

ಕೈಪಿಡಿ ಹಿಡಿದು ಕೂತೆ. ಆಗ ಗೊತ್ತಾಯಿತು, ಆ ಚಿಪ್ಪು ಶುದ್ಧ ನಿರಕ್ಷರಕುಕ್ಷಿ! ಕೀಲಿಗಳು ಅದಕ್ಕೆ ಬರೀ ಅಡ್ಡ ಸಾಲು, ಉದ್ದ ಸಾಲು. ಹಾಜರಿ ಕರೆಯುವ ಮೇಷ್ಟ್ರಂತೆ ಒಂದೊಂದೇ ಸಾಲಿಗೆ ಮಿಡಿತ ಕಳಿಸಿ, “ಇಲ್ಲಿ ಯಾರಾದರೂ ಒತ್ತಿದರಾ?” ಎಂದು ಕೇಳುತ್ತದೆ. ಉತ್ತರ ಬಂದ ಜಾಗಕ್ಕೆ ಯಾವ ಅಕ್ಷರವೆಂದು ತನ್ನೊಳಗಿನ ಪಟ್ಟಿ ನೋಡಿ, ಅದರ ಸಂಖ್ಯೆಯನ್ನು ಕಂಪ್ಯೂಟರಿಗೆ ದಾಟಿಸುತ್ತದೆ. ನಾನು ತಂತಿಪಟ್ಟಿಯನ್ನು ತಿರುಗಾ ಮುರುಗಾ ಸಿಕ್ಕಿಸಿದ್ದೆ. ಮೊದಲ ಸಾಲಿನ ಹುಡುಗ ಕೂಗಿದರೆ ಕೊನೆಯ ಸಾಲಿನವನಿಗೆ ಹಾಜರಿ!

ಯಾರೂ ಮುಟ್ಟದಿದ್ದರೂ ಅದು ಸೆಕೆಂಡಿಗೆ ನೂರಾರು ಸಲ ಕೇಳುತ್ತಲೇ ಇರುತ್ತದಂತೆ. ಯಾರಾದರೂ? ಯಾರಾದರೂ? ಪರವಾಗಿಲ್ಲ, ನಾನು ಅಂಚೆ ಡಬ್ಬಿ ತೆರೆದು ನೋಡುವುದು ದಿನಕ್ಕೆ ಆರೇಳು ಸಲ ಅಷ್ಟೇ.

ತಂತಿಪಟ್ಟಿ ತಿರುಗಿಸಿ ಸರಿಮಾಡಿದೆ. ಕಾಗದವನ್ನು ತಿರುಗಿಸುವುದು ಹೇಗೆ? ಅದು ಆಗಲೇ, ಹಾದುಹೋಗುವ ಹಡಗುಗಳಿಗೆ ಕಾಗದ ಮುಟ್ಟಿಸುವ ಡಿಟ್ರಾಯಿಟ್ ನದಿಯ ಅಂಚೆ ದೋಣಿಯತ್ತ ಹೊರಟಿತ್ತು. ಹಡಗಿನಿಂದ ಹಗ್ಗದಲ್ಲಿ ಬಕೆಟ್ ಇಳಿಯುತ್ತದೆ. ನನ್ನ ಝ್ಲುಪ್ಕಟ್ ಅದರಲ್ಲಿ ಕೂತು ಮೇಲೇರುತ್ತದೆ. ಅವನು ಓದಿ, ಇವಳಿಗೆ ನಾನು ಬೇಡವೇ ಬೇಡ ಎಂದುಕೊಂಡು, ಚಳಿಗಾಲಕ್ಕೆ ಅಲ್ಲೇ ಸಹಿ ಹಾಕಿಬಿಟ್ಟರೆ?

ಒಂಬತ್ತನೆಯ ದಿನ ಯಾವುದೋ ಬಂದರಿನಿಂದ ಫೋನ್ ಬಂತು.

“ಕಾಗದ ಸಿಕ್ತು.”

“ಆರ್ವೋ, ಅದು ಬೈಗುಳ ಅಲ್ಲ ಕಣೋ! ತಂತಿಪಟ್ಟಿ ಉಲ್ಟಾ ಆಗಿತ್ತು ಅಷ್ಟೇ...”

“ಗೊತ್ತಾಯ್ತು. ಆ ಕೀಬೋರ್ಡಿಗೆ ತಂತಿ ಎಳೆದೋನು ನಾನೇ ಅಲ್ವಾ? ಒಂದೊಂದೇ ಅಕ್ಷರ ಬಿಡಿಸಿ ಓದ್ದೆ.”

“ಎರಡು ಪುಟಾನೂ?”

“‘ಮನೆಗೆ ಬಾ’ ಅನ್ನೋ ಸಾಲಿಗೇ ಒಂದು ಮಧ್ಯಾಹ್ನ ಹಿಡೀತು.”

“ಬರ್ತೀಯಾ?”

“ಬರ್ತೀನಿ. ಹಡಗು ಕಾಯೋಕೆ ಬೇರೆಯವರನ್ನ ನೋಡ್ಕೊಳ್ಳಿ ಅಂದೆ. ಆದ್ರೆ ಇನ್ನೂ ಒಂಬತ್ತು ವಾರ ಇದೆ.”

ಅಳು ಬರುವ ಮೊದಲೇ ಜಂಬ ಬಂತು. “ಕೇಳು, ತಪ್ಪು ನಾನೇ ಹುಡುಕಿ, ನಾನೇ ಸರಿಮಾಡ್ದೆ! ಈಗ ಒಂದಕ್ಷರ ಆಚೀಚೆ ಆಗಲ್ಲ!” ಎಂದು, ಹೊಗಳಿಕೆಗೆ ಕಾದೆ.

“ಅಯ್ಯೋ ಮಾರಾಯ್ತಿ! ಇಲ್ಲಿ ಎಲ್ಲರ ಹೆಂಡ್ತೀರ ಕಾಗದಾನೂ ಎರಡು ನಿಮಿಷಕ್ಕೆ ಮುಗಿದುಹೋಗುತ್ತೆ. ನಿಂದು ಪೂರ್ತಿ ಮೂರು ದಿನ ಬಂತು. ಒಂದುಪಕಾರ ಮಾಡೇ, ಮತ್ತೆ ಉಲ್ಟಾ ಸಿಕ್ಕಿಸು.”