ಐದು ದೀಪ, ಏಳು ಜಮಖಾನೆ

ಈ ಕಾರಿನ ಮೇಲೆ ಮೆಕ್ಯಾನಿಕ್ಕಿನ ಕೈ ಬೀಳಬೇಕಾದರೆ ಮೊದಲು ನನ್ನ ಹೆಣ ಬೀಳಬೇಕು ಎಂದು ನಾನು ಘೋಷಿಸಿದ್ದು ಮಂಗಳವಾರ ಮಧ್ಯಾಹ್ನ, ಮಿಕ್ಕೆಲಿ ಪಟ್ಟಣದ ನಮ್ಮ ಮನೆಯ ಅಂಗಳದಲ್ಲಿ, ಬಲಗೈಯಲ್ಲಿ ಸ್ಪ್ಯಾನರ್ ಎತ್ತಿ ಹಿಡಿದು. ಅದು ಸೈಕಲ್ಲಿನ ಸ್ಪ್ಯಾನರ್ ಎನ್ನುವುದು ಬೇರೆ ಮಾತು. ಹೆಣವೇನೂ ಬೀಳಲಿಲ್ಲ. ಬಿದ್ದದ್ದು ಮಾನ. ಅದೂ ಷಡ್ಡಕನ ಎದುರಿಗೆ!

ಮೂವತ್ತೊಂದು ವರ್ಷ ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದ ತೈಸ್ತೊ ಮೇಷ್ಟ್ರು ನಾನು. ಕಾಲು ಮುರಿದ ಸ್ಟೂಲು ನನ್ನನ್ನು ಕಂಡರೆ ತಾನಾಗಿ ಎದ್ದು ನಿಲ್ಲುತ್ತಿತ್ತು. ನಮ್ಮ ಕಾರಿಗೆ ಈಗ ಹದಿನೇಳು ವರ್ಷ. ಅರ್ಧ ಪೆಟ್ರೋಲಿನಲ್ಲಿ, ಅರ್ಧ ಕರೆಂಟಿನಲ್ಲಿ ಓಡುವ ಹೈಬ್ರಿಡ್. ನಮ್ಮ ಬೀದಿಗೆ ಅಂಥದ್ದನ್ನು ಮೊದಲು ತಂದವನು ನಾನೇ. ಆಗ ನೆರೆಹೊರೆಯವರು ಬಂದು ಬಾನೆಟ್ ತೆರೆಸಿ ನೋಡಿ, ಏನೂ ಅರ್ಥವಾಗದೆ ತಲೆಯಾಡಿಸಿ ಹೋಗುತ್ತಿದ್ದರು. ಅರ್ಥ ನನಗೂ ಆಗಿರಲಿಲ್ಲ. ಆದರೆ ನಾನು ತಲೆಯಾಡಿಸುತ್ತಿರಲಿಲ್ಲ.

ಆ ಮಂಗಳವಾರ ಅಂಗಡಿಯಿಂದ ಹೊಸ ಆಲೂಗಡ್ಡೆ, ಉಪ್ಪು ಮೀನು ತೆಗೆದುಕೊಂಡು ಬರುತ್ತಿದ್ದೆ. ಸ್ಟೀರಿಂಗಿನ ಆಚೆ ಒಂದರ ಹಿಂದೆ ಒಂದು ಐದು ದೀಪ ಹತ್ತಿಕೊಂಡವು. ಒಂದು ಕೆಂಪು ತ್ರಿಕೋನ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ. ಒಂದು ಹಳದಿ ಎಂಜಿನ್. ಜಾರುವ ಕಾರು ಒಂದು. ಉಳಿದೆರಡು ಏನೆಂದು ದೇವರಿಗೇ ಗೊತ್ತು. ಜೂನ್ ತಿಂಗಳಲ್ಲಿ ಕ್ರಿಸ್‌ಮಸ್ ಮರ!

ನನ್ನ ಹೆಂಡತಿ ಸಿರ್ಕಾ ಜಿಲ್ಲಾ ನ್ಯಾಯಾಲಯದಲ್ಲಿ ಗುಮಾಸ್ತೆ. ಇಪ್ಪತ್ತೆಂಟು ವರ್ಷದಿಂದ ಕಳ್ಳಕಾಕರ ಹೇಳಿಕೆಗಳನ್ನು ಬರೆದುಕೊಂಡು ಬಂದವಳು. ದನಿ ಏರಿಸುವ ಅಭ್ಯಾಸವೇ ಇಲ್ಲ. ಸೈಕಲ್ ನಿಲ್ಲಿಸಿ, ನನ್ನ ಘೋಷಣೆಯನ್ನು ಪೂರ್ತಿ ಕೇಳಿ, ತೀರ್ಪು ಕೊಟ್ಟಳು.

"ಗುರುವಾರ ಸಂಜೆವರೆಗೆ ಟೈಮು. ದೀಪ ಆರಿದ್ರೆ ಸರಿ. ಇಲ್ದಿದ್ರೆ ಹಬ್ಬಕ್ಕೆ ಔಲಿಸ್ ಭಾವನ ಕಾರಲ್ಲಿ ಹೋಗೋಣ. ಇದು ಗುಜರಿಗೆ."

ಶುಕ್ರವಾರ ನಡುಬೇಸಿಗೆ ಹಬ್ಬ. ಇಡೀ ದೇಶವೇ ಬಾಗಿಲು ಹಾಕಿಕೊಂಡು ಸರೋವರದ ದಂಡೆಗೆ ಹೊರಡುವ ದಿನ. ನಮ್ಮ ಬೇಸಿಗೆ ಮನೆಗೆ ಎರಡು ಗಂಟೆಯ ದಾರಿ. ಔಲಿಸ್ ಸಿರ್ಕಾಳ ಅಕ್ಕನ ಗಂಡ, ಹುಟ್ಟಾ ಮೌನಿ. ಮಗಳ ಮದುವೆಯಲ್ಲಿ ಅವನು ಆಡಿದ್ದು ನಾಲ್ಕೇ ಮಾತು. ಆದರೆ ಹೋದ ವರ್ಷ ಪೂರ್ತಿ ಕರೆಂಟಿನ ಹೊಸ ಕಾರು ಕೊಂಡಾಗಿನಿಂದ, ಅದರ ವಿಷಯ ಬಂದರೆ ಸಾಕು, ಕಟ್ಟೆ ಒಡೆಯುತ್ತದೆ. ಎರಡು ಗಂಟೆ ಅವನ ಹಿಂದಿನ ಸೀಟಿನಲ್ಲಿ ಕೂತು ಆ ಪುರಾಣ ಕೇಳುವುದು, ನನ್ನ ಕಾರು ಗುಜರಿಯವನ ಕೊಕ್ಕೆಗೆ ಸಿಕ್ಕುವುದು!

ಬುಧವಾರ ಬೆಳಗ್ಗೆ ಕಾರ್ಯಾಚರಣೆ ಆರಂಭ. ಸ್ಟೀರಿಂಗಿನ ಕೆಳಗೆ ಚುಚ್ಚಿದರೆ ಕಾರಿನ ರೋಗ ಹೇಳುವ ಪುಟ್ಟ ಯಂತ್ರವೊಂದನ್ನು ಕೊಂಡು ತಂದೆ. ಅದು ಒಂದು ಅಕ್ಷರವನ್ನೂ ನಾಲ್ಕು ಅಂಕಿಗಳನ್ನೂ ತೋರಿಸಿ ಸುಮ್ಮನಾಯಿತು. ಅದನ್ನು ಹಳೇ ಹೈಬ್ರಿಡ್ ಭಕ್ತರ ಇಂಟರ್‌ನೆಟ್ ಗುಂಪಿನಲ್ಲಿ ಹಾಕಿದೆ. ಹದಿನಾರು ಜನರಿಂದ ಹದಿನೇಳು ಅಭಿಪ್ರಾಯ ಬಂತು. ಪೆಟ್ರೋಲ್ ಮುಚ್ಚಳ ಸಡಿಲ ಎಂದರು, ಬಿಗಿ ಮಾಡಿದೆ. ಟೈರಿನ ಗಾಳಿ ಎಂದರು, ತುಂಬಿಸಿದೆ. ಪ್ರತಿ ಸಲವೂ ಕಾರು ಹೊರಡುವಾಗ ಸಾಧುವಾಗಿರುತ್ತಿತ್ತು. ಇಪ್ಪತ್ತು ನಿಮಿಷವಾದರೆ ಹಿಂದಿನ ಸೀಟಿನ ಕಡೆಯಿಂದ ಬುಸ್ ಎಂದು ಫ್ಯಾನಿನ ಸದ್ದು, ಅದರ ಬೆನ್ನಿಗೇ ಐದೂ ದೀಪ. ಆ ಸದ್ದಿಗೂ ಮದ್ದು ಕಂಡುಹಿಡಿದೆ. ರೇಡಿಯೋ ಜೋರು ಮಾಡಿದೆ.

ಹಿಂದಿನ ಸೀಟಿನ ಮಾತು ಬಂತಲ್ಲ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಲ್ಲಿ ಏಳು ಜಮಖಾನೆಗಳಿದ್ದವು.

ಬೇಸಿಗೆ ಮನೆಯ ನೆಲಕ್ಕೆ ಹಾಸುವ, ಹಳೇ ಬಟ್ಟೆಯ ಚಿಂದಿಯಲ್ಲಿ ನೇಯ್ದ ಜಮಖಾನೆಗಳು. ಹಬ್ಬಕ್ಕೆ ಮುಂಚೆ ಅವನ್ನು ಸರೋವರದ ಒಗೆಯುವ ಕಟ್ಟೆಗೆ ಒಯ್ದು, ಪೈನ್ ಸೋಪು ಹಚ್ಚಿ ಉಜ್ಜಿ, ಅಲ್ಲೇ ಮರದ ಗಳುಗಳ ಮೇಲೆ ಹರವಿ ಬರಬೇಕು. ಯಾರೂ ಮುಟ್ಟುವುದಿಲ್ಲ. ಎರಡು ಮೂರು ದಿನ ಬಿಟ್ಟು ಹೋಗಿ ತಂದರಾಯಿತು. ಹಿಂದಿನ ಭಾನುವಾರ ಸಿರ್ಕಾ ನನ್ನನ್ನು ಅದಕ್ಕೇ ಕಳಿಸಿದ್ದಳು. ಹೋದೆ. ಚಳಿಗಾಳಿ ಬೀಸುತ್ತಿತ್ತು. ಮಂಡಿ ನೋಯುತ್ತಿತ್ತು. ಪಕ್ಕದಲ್ಲೇ ಕಾಫಿ ಅಂಗಡಿ ತೆರೆದಿತ್ತು. ಎರಡು ಬನ್ನು, ಮೂರು ಕಾಫಿ ಮುಗಿಸಿ ಬಂದವನನ್ನು ಅವಳು ಕೇಳಿದಳು. ಒಗೆದಾಯಿತು, ಕಟ್ಟೆಯ ಮೇಲೆ ಒಣಗುತ್ತಿವೆ ಎಂದುಬಿಟ್ಟೆ. ನಾಳೆ ಒಗೆದರಾಯಿತು ಎಂದುಕೊಂಡಿದ್ದೆ. ನಾಳೆ ಮಳೆ. ನಾಡಿದ್ದು ದೀಪ. ಏಳೂ ಜಮಖಾನೆ ಸೀಟಿನಿಂದ ಚಾವಣಿಯವರೆಗೆ ಪೇರಿಸಿಕೊಂಡು, ಮೇಲೆ ಹಸಿರು ಟಾರ್ಪಾಲು ಹೊದ್ದು ಊರೆಲ್ಲ ಸವಾರಿ ಮಾಡುತ್ತಿದ್ದವು. ಟಾರ್ಪಾಲಿನಡಿ ಏನು ಎಂದು ಸಿರ್ಕಾ ಕೇಳಿದಾಗ ಸಾಮಾನು ಎಂದಿದ್ದೆ. ಅದಂತೂ ಸುಳ್ಳಲ್ಲ.

ಗುರುವಾರ ನಾಲ್ಕು ಗಂಟೆಗೆ ಕೊನೆಯ ಅಸ್ತ್ರ ತೆಗೆದೆ. ಇಂಥ ಕಾರಿಗೆ ಎರಡು ಬ್ಯಾಟರಿ. ದೊಡ್ಡದು ಹಿಂದಿನ ಸೀಟಿನ ಬೆನ್ನಿಗೆ, ಚಿಕ್ಕದು ಡಿಕ್ಕಿಯ ಮೂಲೆಗೆ. ಚಿಕ್ಕದರ ತಂತಿ ಬಿಚ್ಚಿ ಮತ್ತೆ ಹಾಕಿದರೆ ಕಾರು ತನ್ನ ದುಃಖವನ್ನೆಲ್ಲ ಮರೆಯುತ್ತದೆ ಎಂದು ಭಕ್ತರ ಬಹುಮತ. ನಮ್ಮ ಡಿಕ್ಕಿಯ ಬಾಗಿಲು ತಾನಾಗಿ ನಿಲ್ಲುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಸ್ಕೀ ಕೋಲೊಂದನ್ನು ಆನಿಸಿ, ಒಳಗೆ ಹತ್ತಿ ಮಂಡಿಯೂರಿ, ತಂತಿ ಬಿಚ್ಚಿದೆ. ಗೆದ್ದೆ! ಗೆದ್ದ ಖುಷಿಗೆ ಸ್ಪ್ಯಾನರನ್ನು ಅಂಗಳಕ್ಕೆ ಎಸೆದು ಕಾಲು ಚಾಚಿದೆ. ಕಾಲು ಕೋಲಿಗೆ ತಾಗಿತು. ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

ಡಿಕ್ಕಿ ತೆರೆಯುವುದು ಕರೆಂಟಿನಿಂದ. ಕರೆಂಟನ್ನು ಆಗಷ್ಟೇ ನಾನೇ ಕೈಯಾರೆ ತೆಗೆದಿದ್ದೆ. ತೆರೆಯುವ ಗುಂಡಿ ಹೊರಗೆ, ಸ್ಪ್ಯಾನರ್ ಹೊರಗೆ, ನಾನು ಒಳಗೆ. ಸೀಟಿನ ಮೇಲಿಂದ ಹತ್ತಿ ಇಳಿಯೋಣವೆಂದರೆ ದಾರಿಗೆ ಅಡ್ಡ ಏಳು ಜಮಖಾನೆಗಳ ಕೋಟೆ. ಅವನ್ನು ಸರಿಸಿ ಬಾಗಿಲು ತೆರೆದರೆ ಅಂಗಳಕ್ಕೇ ಉರುಳುತ್ತವೆ. ಹೊರಗೆ ಬರಬೇಕೋ, ಮಾನ ಉಳಿಸಿಕೊಳ್ಳಬೇಕೋ? ಒಂದು ಗಂಟೆ ಮಡಚಿಕೊಂಡು ಕೂತು ಯೋಚಿಸಿದೆ. ಕಾಲು ಜೋಮು ಹಿಡಿಯಿತು, ಬುದ್ಧಿ ಮೊದಲೇ ಹಿಡಿದಿತ್ತು.

ಐದಕ್ಕೆ ಸಿರ್ಕಾ ಬಂದಳು. ಜೊತೆಗೆ ನಾಳೆಯ ಗಂಟುಮೂಟೆ ಎಷ್ಟಿದೆ ಎಂದು ನೋಡಲು ಔಲಿಸ್. ಉಸಿರು ಬಿಗಿಹಿಡಿದೆ. ಹಾಳು ಕೆಮ್ಮು ಆಗಲೇ ಬರಬೇಕೆ!

"ಡಿಕ್ಕಿ ಕೆಮ್ತು" ಎಂದ ಔಲಿಸ್.

ಹಿಂದಿನ ಗಾಜಿನಲ್ಲಿ ಎರಡು ಮುಖ ಕಾಣಿಸಿಕೊಂಡವು. ಒಳಗೇನು ಮಾಡುತ್ತಿದ್ದೀಯ ಎಂದು ಸಿರ್ಕಾ ಕೇಳಿದಳು. ಪರೀಕ್ಷೆ ಎಂದೆ. ಸೀಟಿನ ಮೇಲಿಂದ ಬಾ ಎಂದಳು. ಇಲ್ಲೇ ಆರಾಮಾಗಿದ್ದೇನೆ, ಹಿಂದಿನ ಬಾಗಿಲನ್ನು ಮಾತ್ರ ತೆಗೆಯಬೇಡಿ ಎಂದೆ. ಇಪ್ಪತ್ತೆಂಟು ವರ್ಷದ ನ್ಯಾಯಾಲಯದ ಅನುಭವ ಅವಳ ಹುಬ್ಬಿನಲ್ಲಿ ಒಮ್ಮೆ ಮೇಲೆದ್ದು ಕೂತಿತು.

ಡಿಕ್ಕಿ ತೆರೆಯುವ ಉಪಾಯ ಹುಡುಕಲು ಅವಳು ಮುಂದಿನ ಸೀಟಿನ ಖಾನೆಯಿಂದ ಕಾರಿನ ಪುಸ್ತಕ ತೆಗೆದಳು. ಹದಿನೇಳು ವರ್ಷದಲ್ಲಿ ನಾನು ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಗಂಡಸಾದವನು ಓದುವ ಪುಸ್ತಕವೇ ಅದು? ಅವಳು ಹಾಳೆ ತಿರುವುತ್ತ ತಿರುವುತ್ತ ಒಂದು ಕಡೆ ನಿಂತಳು.

"ಹಿಂದಿನ ಸೀಟಿನ ಪಕ್ಕ ಒಂದು ಗಾಳಿಕಿಂಡಿ ಇದೆಯಂತೆ. ದೊಡ್ಡ ಬ್ಯಾಟರಿ ಅಲ್ಲಿಂದಲೇ ಉಸಿರಾಡೋದಂತೆ. ಮುಚ್ಚಿದ್ರೆ ಬಿಸಿಯಾಗಿ ದೀಪ ಹತ್ತುತ್ತಂತೆ. ಅದರ ಮೇಲೆ ಏನಾದ್ರೂ ಇಟ್ಟಿದ್ದೀಯಾ?"

"ಇಲ್ಲ" ಎಂದೆ ನಾನು, ಡಿಕ್ಕಿಯೊಳಗಿಂದ.

ಹಿಂದಿನ ಬಾಗಿಲು ತೆರೆಯಿತು. ಟಾರ್ಪಾಲು ಸರ್ರೆಂದು ಸರಿಯಿತು. ಸಿರ್ಕಾ ಒಂದೊಂದೇ ಜಮಖಾನೆಯನ್ನು ಎಳೆದು ಅಂಗಳದಲ್ಲಿ ಸಾಲಾಗಿ ಇಟ್ಟಳು, ಸಾಕ್ಷ್ಯ ಜೋಡಿಸುವ ಹಾಗೆ. ಕೊನೆಯದರ ಹಿಂದೆ ಗಾಳಿಕಿಂಡಿ ಕಂಡಿತು. ಅದರ ಜಾಲರಿಯ ತುಂಬ ನಮ್ಮ ಮನೆಯದೇ ಬಣ್ಣಬಣ್ಣದ ಚಿಂದಿ ನೂಲು.

ತೆರವಾದ ದಾರಿಯಲ್ಲಿ ನಾನು ತಲೆ ಕೆಳಗಾಗಿ ಜಾರಿ, ಷಡ್ಡಕನ ಪಾದದ ಬಳಿ ಇಳಿದೆ. ಅವನು ತನ್ನ ಕಾರಿನ ಬಗ್ಗೆ ಒಂದೇ ಒಂದು ಮಾತೂ ಆಡಲಿಲ್ಲ. ಬೆನ್ನು ತಟ್ಟಿ ಹೊರಟುಹೋದ. ಆಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಸಿರ್ಕಾ ವ್ಯಾಕ್ಯೂಮ್ ಹಾಕಿ ಕಿಂಡಿಯ ನೂಲು ಎಳೆದಳು. ನಾನು ಮತ್ತೆ ಒಳಗೆ ತೂರಿ ಬ್ಯಾಟರಿ ಜೋಡಿಸಿದೆ. ಜಮಖಾನೆಗಳನ್ನು ಈ ಸಲ ಡಿಕ್ಕಿಗೆ ತುಂಬಿ, ಇಬ್ಬರೂ ಊರು ಸುತ್ತಿ ನೋಡಿದೆವು. ಇಪ್ಪತ್ತು ನಿಮಿಷವಾಯಿತು, ನಲವತ್ತಾಯಿತು. ಒಂದು ದೀಪವೂ ಹತ್ತಲಿಲ್ಲ. ನನಗೆ ಅಳುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಅವಳು ಎಡಕ್ಕೆ ತಿರುಗಿಸು ಎಂದಳು. ಎಡಕ್ಕಿದ್ದದ್ದು ಒಗೆಯುವ ಕಟ್ಟೆ.

ಮಂಡಿಯೂರಿ ಏಳೂ ಜಮಖಾನೆ ಉಜ್ಜಿದೆ. ಅವಳು ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತ, ಉಳಿದ ಕಲೆಗಳನ್ನು ಬೆರಳು ಮಾಡಿ ತೋರಿಸಿದಳು. ಏಳನೆಯದನ್ನು ಗಳುವಿನ ಮೇಲೆ ಹರವಿದ ಮೇಲೆ ಧೈರ್ಯ ತಂದುಕೊಂಡು ಕೇಳಿದೆ.

"ಕಾರು ಗುಜರಿಗೆ ಹೋಗಲ್ಲ ತಾನೆ?"

"ಇಲ್ಲ. ಈ ವಾರ ಮನೇಲಿ ನಿಜ ಹೇಳಿದ್ದು ಅದೊಂದೇ. ಅದನ್ನ ಇಟ್ಕೊಳ್ಳೋಣ."

ಅವಳು ಕಾಫಿ ಮುಗಿಸಿ ಲೋಟ ಕೆಳಗಿಟ್ಟಳು.

"ನಿನ್ನ ವಿಷಯ ಹಬ್ಬ ಕಳೆದ್ಮೇಲೆ ನೋಡೋಣ."