ಒಬ್ಬ ಬೌಲರ್ ಮತ್ತು ಹೆಸರು ಆಮೇಲೆ ಹೇಳುವ ಒಂದು ಜನ

ಜೀವನದಲ್ಲಿ ನಾನು ಚೌಕಾಸಿ ಮಾಡದೆ ಮನೆಗೆ ತಂದ ವಸ್ತು ಒಂದೇ ಒಂದು. ಅದು ಹೆದರಿಕೆ. ಉಳಿದದ್ದೆಲ್ಲ, ಫ್ರಿಜ್ಜಿನಿಂದ ಹಿಡಿದು ಮಗಳ ಕಂಪಾಸು ಪೆಟ್ಟಿಗೆಯವರೆಗೆ, ಹೇಳಿದ ದರ ಕೇಳಿ ನಕ್ಕು, ಅಂಗಡಿಯ ಮೆಟ್ಟಿಲು ಇಳಿದಂತೆ ಮಾಡಿ, ಹಿಂದಿನಿಂದ ಕರೆಸಿಕೊಂಡು ಕೊಂಡದ್ದು. ಹೆದರಿಕೆಯನ್ನು ಮಾತ್ರ ಹೇಳಿದ ದರಕ್ಕೇ ಕೊಂಡೆ. ಆ ಕತೆ ಹೇಳುವುದರಿಂದ ನನಗೆ ಮರ್ಯಾದೆಯೇನೂ ಬರುವುದಿಲ್ಲ, ಆದರೆ ನಿಮಗೆ ಉಪಯೋಗಕ್ಕೆ ಬಂದೀತು. ಉಪಯೋಗದ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ ಎಂದು ನನ್ನ ಹೆಂಡತಿ ಸುಜಾತ ಬಂದವರಿಗೆಲ್ಲ ಹೇಳುತ್ತಾಳೆ. ಹೊಗಳಿ ಹೇಳುತ್ತಾಳೆ ಎಂದು ಬಹಳ ಕಾಲ ತಿಳಿದಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಮಾನಿನ ಮತ್ರಾ ಬಂದರಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಗುಜರಾತಿ ಸೇಠರದು ದೊಡ್ಡ ಅಂಗಡಿ. ಪೈಪು, ನಲ್ಲಿ, ಪೇಂಟು, ಬಚ್ಚಲುಮನೆಯ ಪಿಂಗಾಣಿ ಸಾಮಾನು. ಮೂಲ್ಕಿಯ ಅಂಗಡಿಯೊಂದರಲ್ಲಿ ಮೊಳೆ ತೂಗುತ್ತಿದ್ದ ಕರುಣಾಕರನೆಂಬ ನಾನು ಅಲ್ಲಿ ಖರೀದಿಯ ಮುಖ್ಯಸ್ಥನಾಗಿದ್ದೆ. ಓದಿ ಮೇಲೆ ಬಂದವನಲ್ಲ, ಬಾಯಿಂದ ಬಂದವನು. ನಮ್ಮ ಕಡೆಯ ಹೆಂಗಸರು ಸೂಕಿನಲ್ಲಿ, ಅಂದರೆ ಅಲ್ಲಿಯ ಪೇಟೆಯಲ್ಲಿ, ಬಂಗಾರ ಕೊಳ್ಳುವಾಗ ಗಂಡಂದಿರನ್ನು ಮನೆಯಲ್ಲಿ ಬಿಟ್ಟು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನನ್ನ ಸೂತ್ರಗಳಲ್ಲಿ ಮುಖ್ಯವಾದದ್ದನ್ನು ನಿಮಗೂ ಹೇಳಿಬಿಡುತ್ತೇನೆ: ಕೇಳಿದ ಕೂಡಲೇ ಕೊಟ್ಟ ಮಾಲನ್ನು ಮುಟ್ಟಬೇಡಿ. ಮಾರುವವನಿಗೆ ಸಂಕಟವಾಗಬೇಕು. ಸಂಕಟವಿಲ್ಲದೆ ಕೊಟ್ಟನೆಂದರೆ ಅದು ಎಲ್ಲೋ ಸೋರುತ್ತದೆ. ನಲ್ಲಿಗೂ ಇದೇ ಮಾತು, ಸೆಕೆಂಡ್‌ಹ್ಯಾಂಡ್ ಪಿಕಪ್ಪಿಗೂ ಇದೇ ಮಾತು, ಅಳಿಯನನ್ನು ಹುಡುಕುವಾಗಲೂ ಇದೇ ಮಾತು.

ಪೈಪಿನ ಜೋಡಣೆಗಳನ್ನು ಕೊಳ್ಳಲು ನಮ್ಮಲ್ಲಿಗೆ ವಾಲ್ಟ್ ಎಂಬ ಅಮೆರಿಕದ ಎಂಜಿನಿಯರನೊಬ್ಬ ಬರುತ್ತಿದ್ದ. ಊರಿನಿಂದ ಬಂದ ಹಳೇ ಪತ್ರಿಕೆಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ತಿರುಗುವ ಮನುಷ್ಯ. ಬಿಲ್ಲು ಆಗುವವರೆಗೆ ಬೇಸ್‌ಬಾಲಿನ ಪುಟ ಬಿಚ್ಚಿಕೊಂಡು ಕೂತು ನಿಟ್ಟುಸಿರು ಬಿಡುತ್ತಿದ್ದ. ಹೀಗೆ, ಒಂದೇ ಒಂದು ಆಟವನ್ನೂ ನೋಡದೆ, ಬ್ಯಾಟು ಹಿಡಿಯುವುದು ಹೇಗೆಂದೂ ತಿಳಿಯದೆ, ನಾನು ಬೇಸ್‌ಬಾಲ್ ಅಭಿಮಾನಿಯಾದೆ. ಆಟ ಹಾಗಿರಲಿ, ಆಟವಿಲ್ಲದ ತಿಂಗಳುಗಳೇ ನನ್ನನ್ನು ಹಿಡಿದದ್ದು. ಚಳಿಗೆ ಅಲ್ಲಿ ಮೈದಾನ ಮುಚ್ಚುತ್ತದೆ, ವ್ಯಾಪಾರ ತೆರೆಯುತ್ತದೆ. ಚೆಂಡೆಸೆಯುವವರನ್ನು, ಅವರ ಭಾಷೆಯಲ್ಲಿ ಪಿಚ್ಚರುಗಳನ್ನು, ಒಂದು ತಂಡ ಇನ್ನೊಂದಕ್ಕೆ ಕೊಟ್ಟು ತೆಗೆದುಕೊಳ್ಳುತ್ತದೆ. ನಾಲ್ಕೈದು ವರ್ಷದ ಕರಾರು ಬರೆದುಕೊಟ್ಟ ಮೇಲೆ ಅವನ ಭುಜ ಕೈಕೊಟ್ಟರೆ? ಮೊಣಕೈ ಉಳುಕಿದರೆ? ವಾಲ್ಟನಿಗೆ ಇದೇ ಚಿಂತೆ. ನನಗೂ ಚಿಂತೆ ಹತ್ತಿತು. ಎಸೆಯುವವನ ತೋಳು ನೀರೆತ್ತುವ ಪಂಪಿನಂತೆ, ಹಾಳಾಗುವ ಹಿಂದಿನ ದಿನವೂ ಚೆನ್ನಾಗಿಯೇ ಓಡುತ್ತಿರುತ್ತದೆ. ಅದಕ್ಕೆ ಉದ್ದದ ಕರಾರು ಬರೆಯುವವನು ಶುದ್ಧ ಪೆದ್ದ ಎಂದು ನಾನು ಸಲಹೆ ಕೊಟ್ಟೆ. ವಾಲ್ಟ್ ಅದನ್ನು ತನ್ನ ತಂಡದವರಿಗೆ ಬರೆದು ತಿಳಿಸುತ್ತೇನೆಂದ. ತಿಳಿಸಿದನೋ ಇಲ್ಲವೋ.

ಅವನಿಂದ ಕಲಿತ ಒಂದು ಪದ್ಧತಿ ಮಾತ್ರ ನನ್ನ ಮನಸ್ಸಿನಲ್ಲಿ ಅಂಟಿಕೊಂಡಿತು. ಎರಡು ತಂಡಗಳ ಮಾತು ಮುರಿಯುವ ಹಂತಕ್ಕೆ ಬಂದಾಗ ಒಂದು ಕಡೆಯವರು, "ಇವನನ್ನು ಈಗ ಕೊಡುತ್ತೇವೆ, ಜೊತೆಗೆ ಇನ್ನೊಬ್ಬನನ್ನೂ ಕೊಡುತ್ತೇವೆ, ಅವನ ಹೆಸರು ಆಮೇಲೆ" ಎನ್ನುತ್ತಾರಂತೆ. ಎಂತಹ ಬುದ್ಧಿ! ಕೊಳ್ಳುವವನಿಗೆ ಆಸೆ, ಕೊಡುವವನಿಗೆ ಸಮಯ. ಮತ್ರಾದ ಸೂಕಿನಲ್ಲಿ ತಲೆಮಾರುಗಳಿಂದ ಕೂತ ವ್ಯಾಪಾರಿಗಳಿಗೂ ಹೊಳೆಯದ ಉಪಾಯ.

ನಮ್ಮಲ್ಲೂ ಆಟವಿತ್ತು, ಕ್ರಿಕೆಟ್ಟು. ಜಲ್ಲಿಕಲ್ಲಿನ ಬಯಲಿನಲ್ಲಿ ಚಾಪೆ ಹಾಸಿ ಪ್ರತಿ ಶುಕ್ರವಾರ ಕಂಪನಿ ಕಂಪನಿಗಳ ಪಂದ್ಯ. ಅಮೆರಿಕದಲ್ಲಿ ಹಿಮ ಬಿದ್ದು ಆಟ ನಿಂತರೆ ನಮ್ಮಲ್ಲಿ ಬಿಸಿಲಿಗೆ ನಿಲ್ಲುತ್ತಿತ್ತು. ಸೇಠರ ತಂಡದ ಮ್ಯಾನೇಜರನೂ ನಾನೇ. ಎದುರು ಗಲ್ಲಿಯ ಅಂಗಡಿಯ ತಂಡ ನಮ್ಮನ್ನು ಸತತವಾಗಿ ಸೋಲಿಸುತ್ತಿದ್ದುದರಿಂದ ಸೇಠರಿಗೆ ದೀಪಾವಳಿಯ ಕೂಟದಲ್ಲಿ ತಲೆ ಎತ್ತುವುದೇ ಕಷ್ಟವಾಗಿತ್ತು. "ಕರುಣಾಕರ್, ಏಕ್ ಫಾಸ್ಟ್ ಬೌಲರ್ ಲಾವೊ" ಎಂದು ಅಪ್ಪಣೆಯಾಯಿತು. ಬೌಲರನ್ನು ತರುವುದೆಂದರೆ ಸ್ಟೋರ್‌ಕೀಪರ್ ಎಂಬ ಹೆಸರಿನಲ್ಲಿ ತರುವುದು. ಅವನಿರುವ ಕಂಪನಿ ಎನ್‌ಓಸಿ ಕೊಟ್ಟು ಬಿಡುಗಡೆ ಮಾಡಬೇಕು, ನಮ್ಮ ಕಫೀಲ್, ಅಂದರೆ ವೀಸಾಕ್ಕೆ ಹೊಣೆಯಾದ ಅರಬ್ಬಿ ಯಜಮಾನ, ಒಪ್ಪಿ ಸೇರಿಸಿಕೊಳ್ಳಬೇಕು. ಹೋಗುವವನನ್ನೇ ಒಂದು ಮಾತು ಕೇಳುವ ಪದ್ಧತಿ ವಾಲ್ಟನ ದೇಶದಲ್ಲೂ ಕಡಿಮೆ, ನಮ್ಮಲ್ಲೂ ಕಡಿಮೆ.

ಬೌಲರ್ ಇದ್ದದ್ದು ದೂರದ ಇಬ್ರಿಯಲ್ಲಿ. ಹಮೀದ್ ಎಂದು, ಉಳ್ಳಾಲದ ಬ್ಯಾರಿ ಹುಡುಗ, ಕಟ್ಟಡ ಕಂಟ್ರಾಕ್ಟಿನ ಕಂಪನಿಯೊಂದರಲ್ಲಿ. ಆ ಕಂಪನಿಯ ಮ್ಯಾನೇಜರ್ ಶೇಖರ ನಮ್ಮ ಹೆಜಮಾಡಿಯವನೇ. ಸಾಮಾನು ಕೊಳ್ಳಲು ಮತ್ರಾಕ್ಕೆ ಬಂದಾಗ ನನ್ನ ಮೇಜಿನ ಎದುರು ಕೂತು ಚೌಕಾಸಿಯ ಪಾಠ ಹೇಳಿಸಿಕೊಂಡು ಹೋಗುವವನು. ಆ ಸಲ ಅವನಿಗೆ ಹಲ್ವ, ಕಾವಾ ಎಂಬ ಅರಬ್ಬಿ ಕಾಫಿ ತರಿಸಿ ಮಾತು ತೆಗೆದೆ. ನಮ್ಮ ಸ್ಪಿನ್ ಬೌಲರನ ಅಣ್ಣ ಇಬ್ರಿಯಲ್ಲಿ ಇದ್ದುದರಿಂದ ಅವನು ಅಲ್ಲಿಗೆ ಹೋಗಲು ತುದಿಗಾಲಲ್ಲಿ ನಿಂತಿದ್ದ. ಅವನನ್ನು ಕೊಡುತ್ತೇನೆ, ಹಮೀದನನ್ನು ಕೊಡು ಎಂದೆ.

"ಎಂತ ಕರುಣಣ್ಣ, ಮೋಟರ್ ಕೊಟ್ಟು ಪೆಡಲ್ ತಕೊಳ್ಳುದಾ?" ಎಂದು ಶೇಖರ ಎದ್ದೇಬಿಟ್ಟ. ಬಾಗಿಲವರೆಗೂ ಹೋದ. ಅದು ನಾನೇ ಕಲಿಸಿದ ನಡಿಗೆ.

"ಕೂತ್ಕೊ ಮಾರಾಯ. ಸ್ಪಿನ್ನರ್ ಒಬ್ಬ ಈಗ. ಇನ್ನೊಂದು ಜನ ಆಮೇಲೆ. ಸೆಖೆ ಮುಗಿಯುವುದರೊಳಗೆ ನಮ್ಮ ಕಂಪನಿಯಿಂದ ಯಾರು ಬೇಕು ಅಂತ ಹೆಸರು ಹೇಳು."

ಶೇಖರ ಹಲ್ವದ ತುಂಡನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. "ಆಟಗಾರನೇ ಆಗ್ಬೇಕು ಅಂತ ಉಂಟಾ?"

ವ್ಯಾಪಾರ ಕುದುರುವ ಹೊತ್ತಿಗೆ ನನಗೆ ಒಂದು ಅಮಲು ಏರುತ್ತದೆ. "ಎಂತದ್ದೂ ಇಲ್ಲ. ಯಾರು ಬೇಕಾದ್ರೂ ಆಗ್ಬಹುದು!" ಎಂದುಬಿಟ್ಟೆ. ಗಾಜಿನ ಕೋಣೆಯಿಂದ ಸೇಠರೂ ಬಂದು ಶೇಖರನ ಕೈ ಕುಲುಕಿದರು. ಖಲಾಸ್.

ಮನೆಗೆ ಬಂದು ಸುಜಾತಳಿಗೆ ನನ್ನ ಜಾಣತನವನ್ನು ವಿವರಿಸಿದೆ. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಹರಿತ ಸ್ವಲ್ಪ ಕಡಿಮೆಯಾಗುತ್ತದೆ. ಅವಳು ಬಂಗುಡೆ ಕೊಯ್ಯುವುದನ್ನು ನಿಲ್ಲಿಸಿ, "ಆ ಶೇಖರನ ಕಂಪನಿಯಲ್ಲಿ ಖರೀದಿ ಯಾರು ನೋಡುದು?" ಎಂದು ಕೇಳಿದಳು.

"ಯಾರೂ ಇಲ್ಲ. ಅದಕ್ಕೇ ಅವನೇ ಇಲ್ಲಿಗೆ ಓಡಿ ಬರುದು. ಒಳ್ಳೆ ಜನ ಹುಡುಕ್ತಾ ಇದ್ದಾನೆ..."

ಅವನು ಹುಡುಕುವ ಆ ಒಳ್ಳೆ ಜನ ನಾನೇ ಆಗಬಹುದೆಂದು ಆಗ ಹೊಳೆಯಿತು. ಸುಜಾತ ಕತ್ತಿ ಹಿಡಿದುಕೊಂಡೇ ನನ್ನನ್ನು ನೋಡಿದಳು. ಇಬ್ರಿಯ ಆ ಕಂಪನಿಯಲ್ಲಿ ಎಲ್ಲರಿಗೂ ಕ್ಯಾಂಪಿನ ವಾಸ, ಕುಟುಂಬಕ್ಕೆ ಜಾಗವಿಲ್ಲ. ನಾನು ಹೋದರೆ ಇವಳೂ ಮಗಳೂ ಮೂಲ್ಕಿಗೆ ಹೋಗಬೇಕು. ಮಗಳ ಶಾಲೆ, ಕಿಟಕಿಯಿಂದ ಹಡಗು ಕಾಣುವ ಈ ಎರಡು ಕೋಣೆ, ಶುಕ್ರವಾರ ಕಡಲಂಚಿನ ಕಾರ್ನೀಷ್ ರಸ್ತೆಯಲ್ಲಿ ಮೂವರೂ ನಡೆಯುವುದು, ಎಲ್ಲವನ್ನೂ ನಾನು ಒಂದು ತಟ್ಟೆ ಹಲ್ವದ ಎದುರು ವ್ಯಾಪಾರಕ್ಕಿಟ್ಟು ಬಂದಿದ್ದೆ. ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತದೆ, "ಡ್ಯಾಡಿ, ಆರ್ ಯೂ ದ ಅದರ್ ಪರ್ಸನ್?" ಎಂದಳು. ಮಕ್ಕಳಿಗೆ ಇಂಗ್ಲಿಷ್ ಶಾಲೆಯಲ್ಲಿ ಬೇಡದ್ದನ್ನೆಲ್ಲ ಕಲಿಸುತ್ತಾರೆ.

ಅಂದಿನಿಂದ ನನ್ನ ಬೇಸಗೆ ಶುರುವಾಯಿತು. ಹಮೀದ್ ಬಂದ. ಭುಜ ಪರೀಕ್ಷಿಸಲು ಅವನಿಂದ ಪೇಂಟಿನ ಡ್ರಮ್ಮುಗಳನ್ನು ಎತ್ತಿಸಿ ನೋಡಿದೆ. ಭುಜ ಗಟ್ಟಿಯಾಗಿತ್ತು, ನನ್ನ ಎದೆ ಮಾತ್ರ ಡವಗುಟ್ಟುತ್ತಿತ್ತು. ಪತ್ರಿಕೆಯಲ್ಲಿ ಪಿಚ್ಚರುಗಳ ಚಿತ್ರ ಕಂಡರೆ ಈಗ ಅವರ ತೋಳಿನ ಕಡೆ ನೋಡುತ್ತಿರಲಿಲ್ಲ, ಮುಖದ ಕಡೆ ನೋಡುತ್ತಿದ್ದೆ. ಪಾಪ, ಇವರಿಗೂ ಹೆಂಡತಿ ಮಕ್ಕಳು ಇರಬೇಕಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತ, ತಮ್ಮನ್ನು ಬೇರೆ ಊರಿಗೆ ಕೊಟ್ಟಾಯಿತೆಂದು ಪೇಪರಿನಲ್ಲಿ ಓದುತ್ತಾರಂತೆ. ವಾಲ್ಟನನ್ನು ಕೇಳಿದೆ, "ಆ ಆಮೇಲೆ ಹೆಸರು ಹೇಳುವ ಮನುಷ್ಯ ಸಾಮಾನ್ಯವಾಗಿ ಯಾರಾಗಿರುತ್ತಾನೆ?" ಅವನು, "ಯಾರೂ ಯೋಚಿಸದೇ ಇದ್ದವನು" ಎಂದ. ನನ್ನ ಬಗ್ಗೆ ನಾನೂ ಹೆಂಡತಿಯೂ ಮಗಳೂ ಯೋಚಿಸಿ ಆಗಿತ್ತು, ಆದ್ದರಿಂದ ಒಂದು ದಿನದ ಮಟ್ಟಿಗೆ ಸಮಾಧಾನವಾಯಿತು.

ಆಮೇಲೆ ಫೋನುಗಳು ಬರತೊಡಗಿದವು. ಶೇಖರ ಈಗ ನನ್ನೊಂದಿಗೆ ಮಾತಾಡದೆ ನೇರವಾಗಿ ಸೇಠರನ್ನೇ ಕೇಳುತ್ತಿದ್ದ. ಎರಡನೆಯ ಫೋನು ಬಂದಾಗ ಸೇಠರ ಗಾಜಿನ ಕೋಣೆಯ ಹೊರಗೆ ನಾನು ನಲ್ಲಿಗಳನ್ನು ಒರೆಸುವ ನೆಪದಲ್ಲಿ ನಿಂತೆ. "ನಹೀ ಶೇಖರ್ ಭಾಯಿ! ಉಸ್ಕೋ ನಹೀ ದೂಂಗಾ! ಉಸ್ಕೇ ಬಿನಾ ಹಮ್ ಮರ್ ಜಾಯೇಂಗೆ!" ಎಂದು ಸೇಠರು ಕೂಗುತ್ತಿದ್ದರು. ನನ್ನ ಕಣ್ಣು ತುಂಬಿತು. ವರ್ಷಗಟ್ಟಲೆ ದುಡಿದದ್ದಕ್ಕೆ ಒಂದು ಒಳ್ಳೆಯ ಮಾತು ಆಡದ ಮನುಷ್ಯ, ಒಳಗೆ ಇಷ್ಟು ಪ್ರೀತಿ ಇಟ್ಟುಕೊಂಡಿದ್ದಾನೆ! ಮನೆಯಲ್ಲಿ ಹೇಳಿದೆ. ಸುಜಾತ, "ನೀವಿಲ್ಲದಿದ್ರೆ ಸಾಯ್ತಾರಂತಾ? ಸರಿಯಾಗಿ ಕೇಳಿಸಿಕೊಂಡ್ರಾ ಮಾರಾಯ್ರೆ?" ಎಂದಳು.

ಮುಂದಿನ ಫೋನಿನಲ್ಲಿ ಸೇಠರ ದನಿ ತಗ್ಗಿತ್ತು. ಅದರ ಮುಂದಿನದರಲ್ಲಿ "ಸೋಚ್ತಾ ಹೂಂ" ಎಂದರು. ವ್ಯಾಪಾರ ಬಲ್ಲವನಿಗೆ ಇದಕ್ಕಿಂತ ಭಯದ ಮಾತಿಲ್ಲ. ಯೋಚಿಸುತ್ತೇನೆ ಎಂದವನು ಕೊಡುತ್ತಾನೆ. ಒಂದು ಮಧ್ಯಾಹ್ನ ನನ್ನನ್ನು ಕರೆದು, "ಕರುಣಾಕರ್, ಇಬ್ರಿ ಮೇ ಗರ್ಮೀ ಬಹುತ್ ಹೈ ಕ್ಯಾ? ಆದ್ಮೀ ರೆಹ್ ಸಕ್ತಾ ಹೈ?" ಎಂದು ಬಹಳ ಮೃದುವಾಗಿ ಕೇಳಿದರು. ಅಲ್ಲಿ ಮನುಷ್ಯರಿರಲಿ, ಹಲ್ಲಿಯೂ ಬದುಕುವುದಿಲ್ಲ ಎಂದೆ. ಇಬ್ರಿಯವರು ನನ್ನನ್ನು ಕ್ಷಮಿಸಬೇಕು, ಅದು ಒಳ್ಳೆಯ ಊರು.

ಇನ್ನು ಉಳಿದದ್ದು ನನ್ನ ಬೆಲೆಯನ್ನು ನಾನೇ ಇಳಿಸಿಕೊಳ್ಳುವುದು. ಶೇಖರ ಅಂಗಡಿಗೆ ಬಂದ ದಿನ ಬಲಭುಜವನ್ನು ಹಿಡಿದುಕೊಂಡು, ಮುಖ ಕಿವಿಚಿಕೊಂಡು ಕೂತೆ.

"ಎಂತ ಆಯ್ತು ಕರುಣಣ್ಣ?"

"ಭುಜ ಹೋಯ್ತು ಮಾರಾಯ. ಇನ್ನು ಹೆಚ್ಚು ಕಾಲ ನಡೆಯುವ ಹಾಗೆ ಕಾಣುದಿಲ್ಲ."

"ನೀವು ಬೌಲಿಂಗ್ ಯಾವಾಗ ಶುರು ಮಾಡಿದ್ದು?" ಎಂದು ಅವನು ನಕ್ಕ. ಎದುರಿಗೇ ಒಬ್ಬ ಏಜೆಂಟನಿಂದ ಒಂದು ಪೆಟ್ಟಿಗೆ ನಲ್ಲಿಯನ್ನು ಹೇಳಿದ ದರಕ್ಕೇ ಕೊಂಡು ತೋರಿಸಿದೆ. ಏಜೆಂಟ್ ಗಾಬರಿಯಾಗಿ ತಾನಾಗಿಯೇ ದರ ಇಳಿಸಿದ. ಹೆಸರು ಕೆಡಿಸಿಕೊಳ್ಳುವುದು ಕೂಡ ಅಷ್ಟು ಸುಲಭವಲ್ಲ.

ಸೆಖೆ ಮುರಿಯುವ ಹೊತ್ತಿಗೆ ಶೇಖರ ಪಿಕಪ್ಪು ತೆಗೆದುಕೊಂಡು ಬಂದ. ಸುಜಾತ ಆ ಬೆಳಿಗ್ಗೆ ನನ್ನ ಬನಿಯನ್ನುಗಳನ್ನು ಒಗೆದು ಮಡಚಿಟ್ಟಿದ್ದಳು. ಸೇಠರು ಎಲ್ಲರನ್ನೂ ಅಂಗಡಿಯ ಮುಂದೆ ಸೇರಿಸಿದರು. ಅವರ ಮೂಗು ಕೆಂಪಾಗಿತ್ತು. ನಾನು ಒಂದು ಹೆಜ್ಜೆ ಮುಂದೆ ಬಂದೆ, ಎಳೆಸಿಕೊಳ್ಳುವುದಕ್ಕಿಂತ ಅದು ಮರ್ಯಾದೆ ಎಂದು. ಸೇಠರು ನನ್ನನ್ನು ಪಕ್ಕಕ್ಕೆ ಸರಿಸಿ, ನನ್ನ ಹಿಂದೆ ನಿಂತಿದ್ದ ಲಿಗೋರಿ ಪೊರ್ಬುಗಳನ್ನು ತಬ್ಬಿಕೊಂಡರು.

ಲಿಗೋರಿ ಪೊರ್ಬುಗಳು, ಬಹುವಚನ ಗೌರವಕ್ಕೆ, ನಮ್ಮ ಮೆಸ್ಸಿನ ಅಡುಗೆಯವರು, ಮಂಗಳೂರಿನ ಕೊಂಕಣಿ ಕ್ರೈಸ್ತರು. ಇಡೀ ಕಂಪನಿ ಅವರ ಮೀನು ಸಾರಿನ ಮೇಲೆ ನಿಂತಿತ್ತು; ಸಸ್ಯಾಹಾರಿಯಾದ ಸೇಠರು ಅವರ ಕೈಯ ದಾಳಿತೋವೆಯ ಮೇಲೆ ನಿಂತಿದ್ದರು. ಹೊಸ ಸಂಬಳಕ್ಕೆ ಒಪ್ಪಿದ್ದ ಪೊರ್ಬುಗಳು ತಮ್ಮ ಮಸಾಲೆ ಕಡೆಯುವ ಕಲ್ಲನ್ನು ಪಿಕಪ್ಪಿಗೆ ಹತ್ತಿಸಿ, "ಬರ್ತೇನೆ, ಹುಳಿ ಜಾಸ್ತಿ ಹಾಕ್ಬೇಡಿ" ಎಂದು ಎಲ್ಲರಿಗೂ ಹೇಳಿದರು. ಹಮೀದ್ ತಲೆಯ ಮೇಲೆ ಕೈಹೊತ್ತು ಕೂತಿದ್ದ. "ಇಬ್ರಿಯಲ್ಲಿ ಊಟ ಸರಿ ಇಲ್ಲ ಅಂತಲೇ ನಾನು ಇಲ್ಲಿಗೆ ಬಂದದ್ದು ಕರುಣಣ್ಣ. ಈಗ ಊಟವೇ ಅಲ್ಲಿಗೆ ಹೊರಟಿತಲ್ಲ!"

ನನಗೆ ಕುಣಿಯಬೇಕೆನಿಸಿತು. ಕುಣಿದು ಸುಮ್ಮನಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ವ್ಯಾಪಾರಿಯ ಬುದ್ಧಿ, ತನ್ನ ದರ ಎಷ್ಟೆಂದು ತಿಳಿಯದೆ ಸುಮ್ಮನಿರುವುದಿಲ್ಲ. ಪಿಕಪ್ಪಿನ ಕಿಟಕಿಗೆ ಬಗ್ಗಿ, "ಶೇಖರ, ನನ್ನನ್ನು ಕೇಳ್ತೀಯ ಅಂತ ನಾನು ಹೆದರಿದ್ದೆ ಮಾರಾಯ" ಎಂದೆ.

"ಕೇಳಿದ್ದೆ ಅಲ್ವಾ! ಮೊದಲ ಫೋನಿನಲ್ಲೇ ನಿಮ್ಮ ಹೆಸರು ಹೇಳಿದ್ದು. ಸೇಠರು ಒಂದೇ ಮಾತಿಗೆ, ಲೇ ಜಾವೊ ಅಂದ್ರು. ಉಸಿರು ಕೂಡ ತಕೊಳ್ಲಿಲ್ಲ. ನನಗೆ ಸಂಶಯ ಬಂತು. ಕೇಳಿದ ಕೂಡ್ಲೇ ಕೊಟ್ಟ ಮಾಲು ಮುಟ್ಬಾರ್ದು ಅಂತ ನೀವೇ ಅಲ್ವಾ ಕಲಿಸಿದ್ದು?" ಅವನು ಗೇರು ಹಾಕಿದ. "ನಿಮ್ಮ ಉಪಕಾರ ಮರೆಯುದಿಲ್ಲ ಕರುಣಣ್ಣ."

ಸುಜಾತಳಿಗೆ ಹೇಳಿದೆ. ಅವಳು ನಕ್ಕು ನಕ್ಕು, ಕಣ್ಣೊರೆಸಿಕೊಂಡು, ಬನಿಯನ್ನುಗಳನ್ನು ಕಪಾಟಿನ ಒಳಗೆ ಇಟ್ಟಳು. ಕಣ್ಣೊರೆಸಿಕೊಂಡದ್ದು ಪೂರ್ತಿ ನಗೆಗಲ್ಲ ಎಂದು ನನಗೆ ಗೊತ್ತು, ಆ ಬಗ್ಗೆ ನಾನು ಚೌಕಾಸಿಗೆ ಹೋಗಲಿಲ್ಲ.

ಆದರೆ ಹೆದರಿಕೆ ಹೋಗಲಿಲ್ಲ. ಕೇಳಿದ ಕೂಡಲೇ ಕೊಡಲು ಸಿದ್ಧವಿರುವ ಸೇಠರು, ನನ್ನ ಪಾಠ ಕೇಳದ ಇನ್ನೊಬ್ಬ ಗಿರಾಕಿ: ಇಬ್ಬರೂ ಒಂದು ದಿನ ಎದುರಾದರೆ ನನ್ನ ಗತಿಯೇನು? ಮರುದಿನವೇ ಗಾಜಿನ ಕೋಣೆಗೆ ಹೋಗಿ, ಇನ್ನು ಮುಂದೆ ಯಾರಾದರೂ ನನ್ನನ್ನು ಕೇಳಿದರೆ ಕಡಿಮೆಯೆಂದರೆ ಮೂರು ಸಲ ಇಲ್ಲ ಎನ್ನಬೇಕು, ಅದು ಅಂಗಡಿಯ ಗೌರವದ ಪ್ರಶ್ನೆ ಎಂದು ಸೇಠರನ್ನು ಕೇಳಿಕೊಂಡೆ. ಸೇಠರು ಕನ್ನಡಕ ತೆಗೆದು, ಒರೆಸಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ತೀನ್ ಬಹುತ್ ಜ್ಯಾದಾ ಹೈ, ಕರುಣಾಕರ್" ಎಂದರು.

ನಾನು ಎದ್ದು ಬಾಗಿಲವರೆಗೆ ಹೋದೆ. ಅವರು ಕರೆಯಲಿಲ್ಲ. ಹಿಂದೆ ಬಂದು ಒಂದಕ್ಕೆ ಒಪ್ಪಿಕೊಂಡೆ.