ಇಂದುಮತಿಯ ಕಂಪ್ಯೂಟರಿಗೆ ಬಂದ ಸಂಶಯ

ಪ್ರಭುಲಿಂಗ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಟವೆಲ್ಲನ್ನು ಸರ್ರನೆ ಎಳೆದ. ಗಾಜಿನ ಬಾಗಿಲಿನ ಕ್ಯಾಬಿನೆಟ್ಟಿನೊಳಗೆ ಎರಡು ರ‍್ಯಾಮ್ ಪಟ್ಟಿಗಳು, ಅಂದರೆ ಕಂಪ್ಯೂಟರಿನ ನೆನಪಿನ ಪಟ್ಟಿಗಳು, ಹಸಿರು ಬೆಳಕು ಚೆಲ್ಲುತ್ತ ನಿಂತಿದ್ದವು. ಬೇರೆ ಯಾರಾದರೂ ಆಗಿದ್ದರೆ ಭೇಷ್ ಎನ್ನುತ್ತಿದ್ದರು. ಅವನ ಅತ್ತಿಗೆ ಇಂದುಮತಿ ಮಾತ್ರ ಬಗ್ಗಿ ಮೂಸಿ, ಸುಟ್ಟ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸ್ವಿಚ್ಚಿನ ಹತ್ತಿರವೇ ನಿಂತಳು.

ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದ ಹಿಂದೆ ಅವಳದು ಮದುವೆ ಆಲ್ಬಮ್ ತಯಾರಿಸುವ ಸ್ಟುಡಿಯೊ. ಪ್ರಭುಲಿಂಗ ಅವಳ ಗಂಡನ ತಮ್ಮ, ಪಾಲಿಟೆಕ್ನಿಕ್ಕಿನ ಮಾಸ್ತರ. ಹಾಲು ಉಕ್ಕುವ ಮೊದಲೇ ಕೂಗುವ ಯಂತ್ರವೊಂದನ್ನು ಹಿಂದೆ ಮಾಡಿದ್ದ. ಅದು ಪಕ್ಕದ ಮನೆಯ ಹಾಲಿಗೂ ಕೂಗಿ, ಕೊನೆಗೆ ಬೀದಿಯಲ್ಲಿ ಎಮ್ಮೆ ಕಂಡರೂ ಕೂಗತೊಡಗಿತ್ತು. ಹೀಗಾಗಿ ಅವನು ಟವೆಲ್ ಎಳೆದಾಗಲೆಲ್ಲ ಇಂದುಮತಿಯ ಕೈ ಸ್ವಿಚ್ಚಿನತ್ತ ಹೋಗುತ್ತಿತ್ತು.

ಈ ಸಲದ ಕತೆ ಶುರುವಾದದ್ದು ಅಂಗಡಿಯಲ್ಲಿ. ಅವಳ ಕಂಪ್ಯೂಟರ್ ಮದುವೆಯ ಫೋಟೊಗಳನ್ನೆಲ್ಲ ಒಟ್ಟಿಗೆ ತೆರೆದರೆ ಸಾಕು, ತಾಳಿ ಕಟ್ಟುವ ಚಿತ್ರಕ್ಕೆ ಬಂದು ನಿಂತುಬಿಡುತ್ತಿತ್ತು. ವೇಗದ ರ‍್ಯಾಮ್ ಆರಿಸಲು ಇಬ್ಬರೂ ಹೋಗಿದ್ದರು. ಅಂಗಡಿಯವನು ದೀಪ ಮಿನುಗುವ ಜೋಡಿಯೊಂದನ್ನು ತೋರಿಸಿ, ಇದು ಮದರ್‌ಬೋರ್ಡಿಗೆ ಹೊಂದುತ್ತದೆ, ಫ್ಯಾನಿಗೂ ತಾಗುವುದಿಲ್ಲ ಎಂದು ವರ್ಣಿಸಿದ. ದೀಪ ಹತ್ತಿದರೆ ಕೆಲಸ ಬೇಗ ಆಗುತ್ತದೆಯೇ ಎಂದು ಇಂದುಮತಿ ಕೇಳಿದಳು. ಹಾಗೇನಿಲ್ಲ, ನೋಡಲು ಚಂದ ಎಂದ. ಹಾಗಾದರೆ ದೀಪವಿಲ್ಲದ್ದನ್ನೇ ಕೊಡಿ ಎಂದಳು. ಕೆಲಸಕ್ಕೆ ಬಾರದ ದೀಪ ಎಂಬ ಮಾತು ಪ್ರಭುಲಿಂಗನಿಗೆ ನಾಟಿತು.

"ಆ ದೀಪಕ್ಕ ನಾ ಕೆಲಸಾ ಹಚ್ಚತೀನಿ, ವೈನಿ" ಎಂದು ಬೆಳಕಿನ ಜೋಡಿಯನ್ನೇ ಕೊಂಡುಹೋಗಿ, ಅದಕ್ಕೆ ಏನೇನೋ ಬೆಸೆದು ತಂದಿದ್ದ.

ಮಾಮೂಲಿ ರ‍್ಯಾಮ್ ಕರೆಂಟ್ ಹೋದೊಡನೆ ಎಲ್ಲ ಮರೆತುಬಿಡುತ್ತದೆ, ಇದು ಒಮ್ಮೆ ಕಂಡದ್ದನ್ನು ಎಂದೂ ಮರೆಯುವುದಿಲ್ಲ ಎಂದು ವಿವರಿಸಿದ. ಹೊಸದಾಗಿ ಬಂದದ್ದು ಅದರ ನೆನಪಿಗೆ ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು.

"ಅಂದ್ರ ಇದು ಸಂಶಯ ಪಡತೈತಿ?"

"ಪರೀಕ್ಷಾ ಮಾಡತೈತಿ ಅನ್ರಿ."

ಮನೆಯಲ್ಲಿ ಆ ಕೆಲಸಕ್ಕೆ ತಾನೊಬ್ಬಳು ಸಾಲದೇ ಎಂದುಕೊಳ್ಳುತ್ತ ಅವಳು ಕೆಲಸಕ್ಕೆ ಕುಳಿತಳು.

ವೇಗವೇನೋ ಬಂದಿತ್ತು. ಫೋಟೊಗಳು ಎಣ್ಣೆ ಹಚ್ಚಿದಂತೆ ಜಾರಿ ಜಾರಿ ತೆರೆದುಕೊಂಡವು. ಇಂದುಮತಿ ಮದುಮಗನ ಹಲ್ಲನ್ನು ಸ್ವಲ್ಪ ಬೆಳ್ಳಗೆ ಮಾಡಿದಳು. ಒಂದು ಪಟ್ಟಿ ಕೆಂಪಾಯಿತು. ಅವನ ಬೋಳು ನೆತ್ತಿಗೆ ಕೂದಲು ಹಚ್ಚಿದಳು. ಎರಡೂ ಕೆಂಪಾಗಿ ಮಿಟುಕಿದವು. ಅವಳು ಚಹಾ ಕುಡಿದು ಬರುವಷ್ಟರಲ್ಲಿ ನೆತ್ತಿ ಮತ್ತೆ ಬೋಳಾಗಿತ್ತು.

ಇದು ಪ್ರಭುಲಿಂಗನದೇ ಕಿತಾಪತಿ ಎಂದು ಅವಳು ಹರಿಹಾಯ್ದಳು. ಅವನು ಆಣೆ ಮಾಡಿದ. ಇಬ್ಬರೂ ನೋಡುತ್ತಿದ್ದಂತೆಯೇ ಹಲ್ಲು ಹಳದಿಗೆ ತಿರುಗಿತು. ಅವಳು ಅಳಿಸಿಹಾಕಿದ್ದ, ಆಕಳಿಸುವ ಅತಿಥಿ ಬಾಯಿ ತೆರೆದುಕೊಂಡೇ ವಾಪಸಾದ. ಸುಳ್ಳನ್ನು ಬರೀ ಹಿಡಿಯುವುದರಲ್ಲಿ ತೃಪ್ತಿಯಿಲ್ಲದೆ ರ‍್ಯಾಮ್ ಅದನ್ನು ತಿದ್ದಲೂ ಕಲಿತಿತ್ತು. ಕಿತ್ತುಹಾಕು ಎಂದಳು ಇಂದುಮತಿ. ಪಾಪ, ಅದು ಬರೀ ಚಿತ್ರಗಳನ್ನು ಕಂಡಿದೆ, ನಿಜವಾದ ಮನುಷ್ಯರನ್ನು ಕಂಡರೆ ನಂಬಿಕೆ ಬರುತ್ತದೆ ಎಂದು ಅವನು ಕಂಪ್ಯೂಟರಿಗೊಂದು ಕ್ಯಾಮೆರಾ ಸಿಕ್ಕಿಸಿದ. ಅಷ್ಟರಲ್ಲಿ ಚನ್ನವೀರಪ್ಪ ಬಂದ.

ಈತ ಆ ಮದುವೆಯ ಹುಡುಗಿಯ ಸೋದರಮಾವ. ಲಗ್ನಪತ್ರಿಕೆಯಲ್ಲಿ ತನ್ನ ಹೆಸರು ಕೆಳಗೆ ಬಂತೆಂದು ಮುನಿಸಿಕೊಂಡು ಮದುವೆಗೇ ಹೋಗಿರಲಿಲ್ಲ. ಅಕ್ಕ ಗೌರವ್ವ ಅತ್ತು ಕರೆದು ಈಗಷ್ಟೇ ರಾಜಿಯಾಗಿತ್ತು. ತಮ್ಮನಿಲ್ಲದ ಆಲ್ಬಮ್ ತೆರೆಯಲಾರೆ, ಅವನನ್ನು ಮಗಳ ಪಕ್ಕದಲ್ಲೇ ನಿಲ್ಲಿಸಿಕೊಡು ಎಂದು ಆಕೆ ಇಂದುಮತಿಯ ಕೈ ಹಿಡಿದು ಬೇಡಿದ್ದಳು. ಎಲ್ಲೋ ಹಿಂದಿನ ಸಾಲಿಗೆ ತಳ್ಳಿರಬಹುದೆಂಬ ಗುಮಾನಿಯಿಂದ ಚನ್ನವೀರಪ್ಪ ಖುದ್ದಾಗಿ ನೋಡಲು ಬಂದಿದ್ದ. ಇಲ್ಲಿ ಕೆಟ್ಟರೆ ಅಕ್ಕನ ಮನೆಯ ಹೊಸ್ತಿಲನ್ನು ಅವನು ಇನ್ನೆಂದೂ ತುಳಿಯುವವನಲ್ಲ.

ಅವನನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಚಹಾ ಕೊಟ್ಟು, ಇಂದುಮತಿ ಫೋಟೊ ತೆರೆದಳು. ಬೇರೊಂದು ಮದುವೆಯಿಂದ ಕತ್ತರಿಸಿ ತಂದ ಚನ್ನವೀರಪ್ಪ, ಜರಿ ರುಮಾಲು ಸುತ್ತಿಕೊಂಡು ಮದುಮಗಳ ಪಕ್ಕ ಠೀವಿಯಿಂದ ನಿಂತಿದ್ದ. ಅವನ ಮುಖ ಅರಳುವ ಹೊತ್ತಿಗೆ ರ‍್ಯಾಮ್ ಕೆಂಪಾಯಿತು. ಮೊದಲು ರುಮಾಲು ಹೋಯಿತು, ಆಮೇಲೆ ತಲೆ, ಭುಜ. ಕೊನೆಗೆ ಒಂದು ಜೊತೆ ಚಪ್ಪಲಿ ಉಳಿದು ಅದೂ ಮಾಯವಾಯಿತು.

"ಏನವಾ ತಂಗಿ," ಎಂದ ಚನ್ನವೀರಪ್ಪ ತಣ್ಣಗೆ, "ಇದು ಬೀಗರ ಕೆಲಸಾನೋ, ನಮ್ಮಕ್ಕಂದೋ?"

ಇಂದುಮತಿ ಅವನ ಹಿಂದಿದ್ದ ಪ್ಲಗ್ಗಿನತ್ತ ಧಾವಿಸಿದಳು. ಪ್ರಭುಲಿಂಗ ತಟ್ಟನೆ ಕ್ಯಾಮೆರಾವನ್ನು ಅವನತ್ತ ತಿರುಗಿಸಿದ.

"ಯಜಮಾನ್ರ, ಇದರ ಕಡೆ ನೋಡ್ರಿ. ನೀವು ಖರೇನ ಅದೀರಿ ಅಂತ ಅದಕ್ಕ ಗೊತ್ತಾಗಲಿ."

ಚನ್ನವೀರಪ್ಪ ಕನ್ನಡಕದ ಮೇಲಿಂದ ಕ್ಯಾಮೆರಾವನ್ನು ದುರುಗುಟ್ಟಿದ. ಕೆಂಪು ಹಳದಿಯಾಗಿ, ಹಳದಿ ಹಸಿರಾಯಿತು. ಮದುವೆ ಮಂಟಪದ ನಡುವೆ ಅವನು ಮೂಡಿಬಂದ, ಈಗ ಹೇಗಿದ್ದನೋ ಹಾಗೆಯೇ: ಸ್ಟೂಲಿನ ಮೇಲೆ, ಚಹಾದ ಕಪ್ಪಿನೊಡನೆ. ಅಲ್ಲಿಗೆ ನಿಲ್ಲಲಿಲ್ಲ. ಅರಿಸಿನ ಹಚ್ಚುವಲ್ಲಿ, ಅಕ್ಕಿಕಾಳು ಹಾಕುವಲ್ಲಿ, ಹುಡುಗಿ ಅಳುತ್ತ ಕಾರು ಹತ್ತುವಲ್ಲಿ, ಎಲ್ಲೆಲ್ಲೂ ಸ್ಟೂಲಿನ ಚನ್ನವೀರಪ್ಪ. ಚಿತ್ರಗಳಲ್ಲಿ ಅವನ ಹಿಂದೆ ಪ್ಲಗ್ಗಿಗೆ ಕೈಚಾಚಿದ ಇಂದುಮತಿಯೂ. ಅವಳು ಪ್ಲಗ್ ಕೀಳುವುದರೊಳಗೆ, ಕೊನೆಗೂ ನಂಬಿಕೆ ಬಂದ ಖುಷಿಗೋ ಏನೋ, ಯಂತ್ರ ಆಲ್ಬಮ್ಮನ್ನು ಮುದ್ರಣಕ್ಕೆ ಕಳಿಸಿಬಿಟ್ಟಿತ್ತು. ಮುದ್ರಣದವರು ಯಾವತ್ತೂ ಇಲ್ಲದ ಚುರುಕಿನಿಂದ ಅದನ್ನು ನೇರವಾಗಿ ಗೌರವ್ವನ ಮನೆಗೇ ಮುಟ್ಟಿಸಿದರು.

ಇಂದುಮತಿ ಕ್ಷಮೆ ಕೇಳಲು ಓಡಿದಳು. ಅಷ್ಟರಲ್ಲಿ ಚನ್ನವೀರಪ್ಪನೂ ಬೀಗರೆಲ್ಲರೂ ಆಲ್ಬಮ್ಮಿನ ಸುತ್ತ ಕುಳಿತಿದ್ದರು. ಗೌರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಅಳುವೋ ನಗುವೋ ತಿಳಿಯಲಿಲ್ಲ. ಮದುಮಗನ ತಂದೆ ತಾಳಿ ಕಟ್ಟುವ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು, ಮುಹೂರ್ತದ ಹೊತ್ತಿನಲ್ಲಿ ಇವರೇಕೆ ಸ್ಟೂಲಿನ ಮೇಲೆ ಕುಳಿತಿದ್ದಾರೆ ಎಂದು ಸಂಶಯದಿಂದ ಕೇಳಿದರು.

ಚನ್ನವೀರಪ್ಪ ಕನ್ನಡಕ ತೆಗೆದು ಒರೆಸಿಕೊಂಡ.

"ಲಗ್ನದಾಗ ನನಗ ಯಾರೂ ಕುರ್ಚಿ ಹಾಕಿದ್ದಿಲ್ಲ" ಎಂದ. "ಸ್ಟೂಲ್ ನಾನ ತಂದಿದ್ದೆ."